ಹಿತ್ತಲ ಕೋಣೆಯ ರಜೆ

ಕುಮಾರ ಪಾರ್ಕಿನ ಕಡೆಯ ಹೋಟೆಲೊಂದರಲ್ಲಿ ಎರಡು ದಿನ ಕೂತು, ಹೊತ್ತು ಹೊತ್ತಿಗೆ ಪುಕ್ಕಟೆ ತಿಂದು, ಮಧುಸೂದನ ವಿಶ್ರಾಂತಿಯ ವಿಷಯವನ್ನೆಲ್ಲ ಕಲಿತುಕೊಂಡು ಬಂದ. ಆಫೀಸರುಗಳು ದುಡಿದು ದುಡಿದು ಸವೆದುಹೋಗುತ್ತಿದ್ದಾರೆಂದು ಯಾರೋ ಹೇಳಿದ್ದನ್ನು ಅವನ ಕಂಪನಿಯವರು ನಂಬಿ ಈ ಶಿಬಿರ ಇಟ್ಟಿದ್ದರು. ಮಧುಸೂದನ ಸವೆದದ್ದನ್ನು ಅವನ ಹೆಂಡತಿ ಮೈತ್ರೇಯಿ ಕಂಡಿರಲಿಲ್ಲ. ಕಂಡಿದ್ದರೆ ಅವನ ಚಪ್ಪಲಿ ಸವೆದದ್ದನ್ನು ಕಂಡಿದ್ದಳು, ಅದೂ ದೋಸೆಗೆಂದು ಗಾಂಧಿ ಬಜಾರಿಗೆ ನಡೆದು ನಡೆದು.

"ನಮ್ಮನೇಲಿ ಯಾರಿಗೂ ರೆಸ್ಟ್ ತಗೊಳ್ಳೋದೇ ಗೊತ್ತಿಲ್ಲ ಕಣೆ," ಎಂದ ಬಂದವನೇ, ಶೂ ಕಳಚಿ ನಡುಮನೆಯಲ್ಲೇ ಬಿಟ್ಟು. "ರೆಸ್ಟ್ ಅನ್ನೋದು ಒಂದು ಸ್ಕಿಲ್ಲು. ಬರೀ ದುಡಿದ್ರೆ ಆಗಲ್ಲ, ಯಾವಾಗ ನಿಲ್ಲಿಸ್ಬೇಕು ಅಂತಾನೂ ಗೊತ್ತಿರ್ಬೇಕು."

"ಹೌದಾ," ಎಂದಳು ಮೈತ್ರೇಯಿ. ಅವಳ ಒಂದು ಕೈಯಲ್ಲಿ ಇಕ್ಕಳವಿತ್ತು, ಇನ್ನೊಂದರಲ್ಲಿ ಎಂಟನೇ ಕ್ಲಾಸಿನ ಉತ್ತರಪತ್ರಿಕೆಗಳ ಕಟ್ಟು.

ಅಂದಿನಿಂದ ಸಂಜೆಯಾದರೆ ನಡುಮನೆಯಲ್ಲಿ ಚಾಪೆ. ಮಧುಸೂದನ ಅದರ ಮೇಲೆ ಅಂಗಾತ ಮಲಗಿ ಟೇಪ್ ರೆಕಾರ್ಡರಿನಲ್ಲಿ ಕೊಳಲಿನ ಕ್ಯಾಸೆಟ್ಟು ಹಾಕಿಕೊಳ್ಳುವನು. ಆ ಹೊತ್ತಿನಲ್ಲಿ ಟಿವಿ ಹಾಕುವಂತಿಲ್ಲ, ಬಾಗಿಲು ಧಡಕ್ಕೆನ್ನುವಂತಿಲ್ಲ, ಕುಕ್ಕರು ಕೂಗುವಂತಿಲ್ಲ. ಕುಕ್ಕರು ಕೂಗದೆ ಅನ್ನ ಆಗುವುದು ಹೇಗೆಂದು ಶಿಬಿರದಲ್ಲಿ ಹೇಳಿಕೊಟ್ಟಿರಲಿಲ್ಲವಾದ್ದರಿಂದ ಮೈತ್ರೇಯಿ ಪಾತ್ರೆಯಲ್ಲಿ ಎಸರಿಟ್ಟು, ಪಕ್ಕದಲ್ಲೇ ನಿಂತು, ಅನ್ನ ಬಸಿಯತೊಡಗಿದಳು. ಗಂಡನ ವಿಶ್ರಾಂತಿಯಿಂದ ಅವಳಿಗೆ ಸಿಕ್ಕಿದ್ದು ಇನ್ನೊಂದು ಕೆಲಸ. ಎದ್ದ ಮೇಲೆ ಅವನಿಗೆ ಕಾಫಿಯೂ ಬೇಕಿತ್ತು, ಸ್ಟ್ರಾಂಗಾಗಿ.

ಬಸವನಗುಡಿಯ ಆ ಮನೆಯಲ್ಲಿ ಅವಳ ದಿನ ನಲ್ಲಿ ನೀರಿನ ಜೊತೆ ಶುರುವಾಗುತ್ತಿತ್ತು. ಹಂಡೆ, ಕೊಳಗ ತುಂಬಿಸಿ, ಮಾವ ಶೀನಣ್ಣನವರ ಪೂಜೆಗೆ ಅಣಿ ಮಾಡಿ, ಅತ್ತೆ ತುಳಸಮ್ಮನಿಗೆ ಕಷಾಯ ಕಾಸಿ, ಇಂಜಿನಿಯರಿಂಗ್ ಓದುವ ಮೈದುನ ಸಂಕರ್ಷಣನಿಗೆ ಅವನು ಎದ್ದ ಗಳಿಗೆಯಲ್ಲಿ ಬಿಸಿಯಾಗಿಯೇ ತಿಂಡಿ ಕೊಟ್ಟು, ಗಂಡನ ಡಬ್ಬಿ ಕಟ್ಟಿ, ಚಾಮರಾಜಪೇಟೆಯ ಹೆಣ್ಣುಮಕ್ಕಳ ಹೈಸ್ಕೂಲಿಗೆ ಓಡಿಹೋಗಿ ಸಂಜೆಯವರೆಗೆ ವಿಜ್ಞಾನ ಹೇಳಿ, ಬರುವಾಗ ಹೂವು ತರಕಾರಿ ಹೊತ್ತು ತಂದು, ಮತ್ತೆ ಒಲೆಯ ಮುಂದೆ. ಏಕಾದಶಿಯಂದಾದರೂ ಅಡುಗೆಮನೆಗೆ ಬಿಡುವು ಎಂದು ಹೊರಗಿನವರು ತಿಳಿದಾರು. ಶೀನಣ್ಣನವರ ಉಪವಾಸವೆಂದರೆ ಅನ್ನ ಮುಟ್ಟಬಾರದು, ಅಷ್ಟೇ. ಆ ನಷ್ಟ ತುಂಬಲು ಗೋಧಿ ರವೆ ಉಪ್ಪಿಟ್ಟು, ಸಬ್ಬಕ್ಕಿ ಕಿಚಡಿ, ಗೆಣಸಿನ ಪಲ್ಯ, ಬಾಳೆಹಣ್ಣಿನ ರಸಾಯನ ಆಗಬೇಕಿತ್ತು. ದಶಮಿಯ ಊಟಕ್ಕಿಂತ ಏಕಾದಶಿಯ ಉಪವಾಸಕ್ಕೇ ಪಾತ್ರೆ ಜಾಸ್ತಿ ಬೀಳುತ್ತಿದ್ದವು.

ಒಂದು ಮಧ್ಯಾಹ್ನ ಕಪ್ಪುಹಲಗೆಯ ಮೇಲೆ ಮನುಷ್ಯನ ಹೃದಯದ ಚಿತ್ರ ಬರೆಯುತ್ತ ಬರೆಯುತ್ತ ಮೈತ್ರೇಯಿ ನಿಂತಲ್ಲೇ ನಿದ್ದೆ ಹೋದಳು. ಹಣೆ ಹಲಗೆಗೆ ಒರಗಿತ್ತು. ಮಕ್ಕಳ ನಗು ಕೇಳಿ ಕಣ್ಣು ಬಿಟ್ಟಾಗ ಬಾಗಿಲಲ್ಲಿ ಹೆಡ್‌ಮಿಸ್ ಭಾಗೀರಥಮ್ಮ ನಿಂತಿದ್ದರು.

"ಬಸುರೀನಾ?" ಎಂದು ಕೇಳಿದರು ರೂಮಿಗೆ ಕರೆದು.

"ಇಲ್ಲ ಮೇಡಂ."

"ಹಾಗಾದ್ರೆ ಡಾಕ್ಟ್ರಿಗೆ ತೋರ್ಸು. ನೀನು ಪರ್ಮನೆಂಟ್ ಆಗೋ ವರ್ಷ ಇದು, ನೆನಪಿರ್ಲಿ. ಇವತ್ತಿಂದು ನಾನು ನೋಡಿಲ್ಲ ಅಂದ್ಕೊ. ಇನ್ನೊಂದ್ಸಲ ಆದ್ರೆ ಕಮಿಟಿಗೆ ಹೇಳ್ದೆ ಇರಕ್ಕಾಗಲ್ಲ ನಂಗೆ."

ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, "ರಕ್ತ ಕಮ್ಮಿ, ನಿದ್ದೆ ಕಮ್ಮಿ. ಟಾನಿಕ್ ಬರೀತೀನಿ, ಆದ್ರೆ ಮಲಗೋ ಕೆಲ್ಸ ನೀವೇ ಮಾಡ್ಬೇಕಮ್ಮ," ಎಂದರು.

ಆ ಕೆಲಸ ಅವಳಿಗೆ ಗಗನಕುಸುಮವಾಗಿತ್ತು. ಶಾಲೆಯೊಂದೇ ಅವಳದು ಅಂತ ಇದ್ದದ್ದು. ಅಲ್ಲಿ ಅವಳನ್ನು ಯಾರೂ ಸೊಸೆ ಎನ್ನುತ್ತಿರಲಿಲ್ಲ. ಅದು ಕೈಬಿಟ್ಟರೆ ಉಳಿಯುವುದು ಈ ಮನೆಯ ಒಲೆ, ಜೀವ ಇರುವವರೆಗೆ. ಹಾಗಾಗಿ ಎಂದೂ ಬಾಯಿ ಬಿಡದವಳು ಅಂದು ರಾತ್ರಿ ಊಟ ಬಡಿಸುತ್ತ ಡಾಕ್ಟರ ಮಾತನ್ನು ಹೇಳಿದಳು.

"ನಿಂಗೆ ಪ್ಲಾನಿಂಗ್ ಇಲ್ಲ ಕಣೆ," ಎಂದ ಮಧುಸೂದನ ಸಾರು ಸುರಿಯುತ್ತ. "ಶಿಬಿರದಲ್ಲಿ ಇದನ್ನೇ ಹೇಳಿದ್ದು. ಬೆಳಗ್ಗೆ ಅರ್ಧ ಗಂಟೆ ಮುಂಚೆ ಎದ್ದು ಧ್ಯಾನ ಮಾಡು. ಸುಸ್ತು ಹತ್ರಾನೂ ಸುಳಿಯಲ್ಲ."

ಸುಸ್ತಾದವಳಿಗೆ ಇನ್ನೂ ಬೇಗ ಏಳೆಂದು ಹೇಳಲು ಎರಡು ದಿನದ ಶಿಬಿರ ಬೇಕಾಯಿತಲ್ಲ ಎಂದು ಮೈತ್ರೇಯಿ ಸೌಟನ್ನೇ ನೋಡಿದಳು.

"ನಮ್ಮ ಕಾಲದಲ್ಲಿ ಮಿಕ್ಸಿ ಇತ್ತೇನೇ? ಗ್ಯಾಸ್ ಇತ್ತೇನೇ?" ಎಂದರು ತುಳಸಮ್ಮ. "ಅದರ ಮೇಲೆ ತಿಂಗಳು ತಿಂಗಳು ಮೂರು ದಿನ ದೂರ ಕೂತ್ಕೊಳ್ಳೋ ಕರ್ಮ ಬೇರೆ. ಹಿತ್ತಲ ಕೋಣೇಲಿ ಒಂದು ಚಾಪೆ, ಒಂದು ತಟ್ಟೆ. ಒಂದ್ ಲೋಟ ಮುಟ್ಟೋ ಹಾಗಿಲ್ಲ, ಒಳಗೆ ಕಾಲಿಡೋ ಹಾಗಿಲ್ಲ, ಊಟ ದೂರದಿಂದ ತಳ್ಳೋರು. ನೀನು ಬಂದಾಗ ನಾನೇ ಹೇಳಿದ್ದು, ನಮ್ಮನೇಲಿ ಅದೆಲ್ಲ ಬೇಡ, ಕಾಲ ಬದಲಾಗಿದೆ ಅಂತ. ನಿಂಗೆ ಆ ಕಷ್ಟ ಇಲ್ವಲ್ಲ, ಪುಣ್ಯವಂತೆ."

ಈ ಔದಾರ್ಯದ ಕತೆಯನ್ನು ತುಳಸಮ್ಮ ಬೀದಿಗೆಲ್ಲ ಹೇಳಿಕೊಂಡಿದ್ದರು. ಸೊಸೆಯನ್ನು ದೂರ ಕೂರಿಸದ ಮನೆಯೆಂದು ಅವರಿಗೊಂದು ಹೆಸರೂ ಬಂದಿತ್ತು. ಆ ಮೂರು ದಿನ ಅನ್ನ ಯಾರು ಮಾಡುತ್ತಾರೆಂದು ಕೇಳಿದವರಿಲ್ಲ.

ಆದರೆ ಅಂದು ಮೈತ್ರೇಯಿಯ ಕಿವಿಗೆ ಬಿದ್ದದ್ದೇ ಬೇರೆ. ಒಂದು ಚಾಪೆ. ಲೋಟ ಮುಟ್ಟೋ ಹಾಗಿಲ್ಲ. ಊಟ ತಳ್ಳೋರು. ಆ ರಾತ್ರಿ ಪಾತ್ರೆಗೆ ನೀರು ಹಾಕುತ್ತ ಅವಳು ಆ ಮಾತುಗಳನ್ನು ಹುಣಸೆಬೀಜದಂತೆ ಚಪ್ಪರಿಸಿದಳು.

ಮುಂದಿನ ವಾರ, ಮಾವನ ಕಾಫಿ ಲೋಟ ಕೆಳಗಿಡುತ್ತ, ತಲೆ ತಗ್ಗಿಸಿಕೊಂಡೇ ಹೇಳಿದಳು. "ಮಾವ, ಮಠದಲ್ಲಿ ಉಪನ್ಯಾಸ ಕೇಳ್ದೆ. ಮನಸ್ಸಿಗೆ ತಟ್ಟಿತು. ಇನ್ನುಮೇಲೆ ಆ ಮೂರು ದಿನ ನಾನು ದೂರ ಕೂತ್ಕೋಬೇಕು ಅಂದ್ಕೊಂಡಿದೀನಿ."

ಉಪನ್ಯಾಸಕ್ಕೆ ಹೋಗಿದ್ದು ನಿಜ. ಹಿಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಕೂತು, ಆಚಾರ್ಯರು ಬಾಯಿ ತೆರೆದ ಕೂಡಲೇ ಅವಳು ಕಣ್ಣು ಮುಚ್ಚಿದ್ದಳು.

ಶೀನಣ್ಣನವರ ಕಣ್ಣಲ್ಲಿ ನೀರಾಡಿತು. "ಎಂಥಾ ಮಾತಾಡ್ದೆ ತಾಯಿ! ಈ ಕಾಲದಲ್ಲಿ, ಬಿ.ಎಸ್ಸಿ. ಓದಿದ ಹುಡುಗಿ!"

ಅಡುಗೆಮನೆಯ ಬಾಗಿಲಲ್ಲಿ ತುಳಸಮ್ಮ ಉಗುಳು ನುಂಗಿದರು. "ಅಯ್ಯೋ, ಈಗ ಯಾಕೆ ಅದೆಲ್ಲ? ಕೆಲಸಕ್ಕೆ ಹೋಗೋಳು..."

"ಶಾಲೆಗೆ ಹೋಗ್ತೀನಿ ಅತ್ತೆ. ಮನೇಲಿ ಮಾತ್ರ ಏನೂ ಮುಟ್ಟಲ್ಲ."

ಸೊಸೆಯೇ ಬಯಸಿದ ಆಚಾರವನ್ನು ಬೇಡವೆಂದು ಗಂಡನೆದುರು ಹೇಳುವ ಧೈರ್ಯ ತುಳಸಮ್ಮನಿಗೆ ಇರಲಿಲ್ಲ. ಅವರ ಆಧುನಿಕತೆ ಅಡುಗೆಯ ಲೆಕ್ಕದ್ದು; ಧರ್ಮದ ಮುಂದೆ ಅದಕ್ಕೆ ದನಿ ಏಳುತ್ತಿರಲಿಲ್ಲ.

ಹಳೆ ಪೇಪರು ತುಂಬಿದ್ದ ಹಿತ್ತಲ ಕೋಣೆ ಖಾಲಿಯಾಯಿತು. ಮೊದಲ ಸಲ ಚಾಪೆಯ ಮೇಲೆ ಬಿದ್ದಾಗ ಮೈತ್ರೇಯಿಗೆ ಬೆನ್ನು ಎಂಬುದೊಂದು ತನಗಿದೆಯೆಂದು ಗೊತ್ತಾಯಿತು. ಶಾಲೆಯಿಂದ ಬಂದವಳೇ ಮಲಗಿದಳು, ಊಟ ತಳ್ಳಿದಾಗ ಎದ್ದಳು, ಮತ್ತೆ ಮಲಗಿದಳು. ಗೋಡೆಯಾಚೆಯಿಂದ ಸುಖವಾದ ಸದ್ದುಗಳು ಬರುತ್ತಿದ್ದವು. ತಳ ಹಿಡಿದ ಪಾತ್ರೆ ಕೆರೆಯುವುದು. "ಅಮ್ಮಾ, ಒಗ್ಗರಣೆಗೆ ಸಾಸಿವೆ ಮೊದಲಾ ಇಂಗು ಮೊದಲಾ?" ಎಂದು ಮಧುಸೂದನ ಕಿರುಚುವುದು. "ಅಣ್ಣಾ, ಇದು ಉಪ್ಪಿಟ್ಟಾ ಗೋಂದಾ?" ಎಂದು ಸಂಕರ್ಷಣ ಕೇಳುವುದು. ಕೊಳಲಿನ ಕ್ಯಾಸೆಟ್ಟು ಮಾತ್ರ ಕೇಳಲಿಲ್ಲ. ಶಿಬಿರದಲ್ಲಿ ಕಲಿತ ವಿದ್ಯೆ ಎರಡು ಹೊತ್ತಿನ ಅಡುಗೆಗೆ ಗಾಳಿಗೆ ಹಾರಿತ್ತು. ಇಂಥವರಿಗೆ ಹೆದರಿ ಇಷ್ಟು ವರ್ಷ ಓಡಾಡಿದೆನಲ್ಲ ಎಂದು ಅವಳಿಗೆ ನಗು ಬಂತು, ನಗುತ್ತಲೇ ನಿದ್ದೆಯೂ ಬಂತು.

ಎರಡು ತಿಂಗಳು ಹೀಗೆ ನಡೆಯಿತು. ಕ್ಲಾಸಿನಲ್ಲಿ ಅವಳ ದನಿ ಏರಿತು. ಭಾಗೀರಥಮ್ಮ ಎದುರಾದಾಗ ಮುಗುಳ್ನಕ್ಕರು.

ಅವಳು ಎಡವಿದ್ದು ಎಲ್ಲಿ ಎಂದರೆ, ಆಚಾರವನ್ನು ಮೂರು ದಿನಕ್ಕೆ ಬಾಡಿಗೆಗೆ ತರಬಹುದೆಂದು ತಿಳಿದದ್ದರಲ್ಲಿ. ಶೀನಣ್ಣನವರು ಪಾರ್ಕಿನ ಕಲ್ಲುಬೆಂಚಿನಲ್ಲೂ ಹೂವಿನ ಅಂಗಡಿಯ ಮುಂದೂ ಸೊಸೆಯ ಕೀರ್ತಿಯನ್ನು ಹಾಡಿದರು. ಕೀರ್ತಿ ಮನೆಗೆ ವಾಪಸು ಬಂದಾಗ ಅದರ ಜೊತೆ ಒದ್ದೆ ಸೀರೆಯೂ ಬಂತು.

"ಇಷ್ಟು ನಿಷ್ಠೆ ಇರೋಳು ಮಡಿ ಇಲ್ದೆ ಅಡುಗೆ ಮಾಡಿದ್ರೆ ಏನ್ ಚೆನ್ನ?" ಎಂದರು ತುಳಸಮ್ಮ, ಜೇನಿನಲ್ಲಿ ಅದ್ದಿದ ದನಿಯಲ್ಲಿ. ಆಕೆ ಸೋತು ಸುಮ್ಮನಿರುವ ಹೆಂಗಸಾಗಿರಲಿಲ್ಲ. ದೂರವಿಲ್ಲದ ದಿನಗಳಲ್ಲೆಲ್ಲ ಮೈತ್ರೇಯಿ ತಣ್ಣೀರು ಸ್ನಾನ ಮಾಡಿ, ಒದ್ದೆ ಸೀರೆಯುಟ್ಟು, ನಲ್ಲಿ ನೀರು ಬಿಟ್ಟು ಹಿತ್ತಲ ಬಾವಿಯಿಂದ ನೀರು ಸೇದಿ, ಮಿಕ್ಸಿ ಬಿಟ್ಟು ಒರಳಲ್ಲಿ ರುಬ್ಬಿ ನೈವೇದ್ಯ ಮಾಡಬೇಕಾಯಿತು. ಮನೆಗೆಲಸದ ಮುನಿಲಕ್ಷ್ಮಮ್ಮ ಒಳಗಿನ ಪಾತ್ರೆ ಮುಟ್ಟಕೂಡದೆಂದಾಯಿತು. ಹಿತ್ತಾಳೆ ತಪ್ಪಲೆಗಳನ್ನು ಹುಣಸೆಹಣ್ಣು ಹಾಕಿ ಉಜ್ಜುವುದೂ ಮೈತ್ರೇಯಿಯ ಪಾಲಿಗೆ ಬಂತು.

ಮುನಿಲಕ್ಷ್ಮಮ್ಮನಿಗೆ ಮೊದಲು ಸಿಟ್ಟು ಬಂದಿತ್ತು. "ಇಷ್ಟ್ ದಿನ ನನ್ ಕೈ ಚೆನ್ನಾಗಿತ್ತಾ? ಈಗ್ ಕೆಟ್ಟೋಯ್ತಾ?" ಎಂದು ಬಾಗಿಲಲ್ಲೇ ಕೂಗಿದ್ದಳು. ಆಮೇಲೆ ಕಟ್ಟೆಯ ಮೇಲೆ ಕಾಲು ಚಾಚಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಯೋಚನೆ ಬದಲಿಸಿದಳು. "ಪಾತ್ರೆ ಕಮ್ಮಿ, ಸಂಬಳ ಅಷ್ಟೇ. ನಿಮ್ ಮಡಿ ನೂರು ವರ್ಷ ಬಾಳ್ಲಿ ಬಿಡಕ್ಕಾ."

ಮೈತ್ರೇಯಿಗೆ ಅವಳ ಮುಖ ನೋಡಲಾಗಲಿಲ್ಲ. ತನ್ನ ನಿದ್ದೆಗಾಗಿ ತಾನೇ ಹೊಲಿದ ಸುಳ್ಳು ಇನ್ನೊಬ್ಬಳನ್ನು ಹೊಸ್ತಿಲಾಚೆ ನಿಲ್ಲಿಸಿತ್ತು. ಮನೆಯವರ ಮೇಲಿದ್ದ ತಿರಸ್ಕಾರದಲ್ಲಿ ಒಂದು ಪಾಲು ಅಂದಿನಿಂದ ತನ್ನ ಮೇಲೆಯೇ ತಿರುಗಿತು.

ಪರೀಕ್ಷೆಯ ಹಾಲಿನಲ್ಲಿ ಕಾವಲಿಗೆ ಕೂತವಳು ಮತ್ತೆ ನಿದ್ದೆ ಹೋದಳು. ಹುಡುಗಿಯರು ಧಾರಾಳವಾಗಿ ಕಾಪಿ ಹೊಡೆದರು. ಭಾಗೀರಥಮ್ಮ ಈ ಸಲ ಕೂಗಾಡಲಿಲ್ಲ. "ಸೋಮವಾರ ಕಮಿಟಿ ಮೀಟಿಂಗ್. ಒಂದೋ ನೀನು ಈಗ್ಲೇ ರಜ ಹಾಕಿ ಒಂದ್ ವಾರ ಮಲಗ್ತೀಯ, ನಾನು ಹುಷಾರಿರ್ಲಿಲ್ಲ ಅಂತ ಹೇಳ್ತೀನಿ. ಇಲ್ಲಾ, ಇದ್ದದ್ದು ಇದ್ದ ಹಾಗೆ ಹೇಳ್ತೀನಿ," ಎಂದರು.

ರಜೆಯ ಅರ್ಜಿ ಕೊಟ್ಟು ಮನೆಗೆ ಬಂದರೆ ನಡುಮನೆಯಲ್ಲಿ ಅತ್ತೆ, ಮಾವ, ಗಂಡ ಮೂವರೂ ಕೂತಿದ್ದರು. ಶೀನಣ್ಣನವರ ತಂದೆಯ ಶ್ರಾದ್ಧ ಶುಕ್ರವಾರ ಬಂದಿತ್ತು. ಇಷ್ಟು ವರ್ಷ ಮಠದಲ್ಲಿ ಮಾಡಿಸಿ, ಅಲ್ಲೇ ಉಂಡು ಬರುತ್ತಿದ್ದರು.

"ಈ ವರ್ಷ ಮನೇಲೇ ಅಮ್ಮಾ," ಎಂದರು ಶೀನಣ್ಣ. "ನಿನ್ನಂಥ ಸೊಸೆ ಇಟ್ಕೊಂಡು ಮಠಕ್ಕೆ ಯಾಕೆ? ಬ್ರಾಹ್ಮಣರು, ನಮ್ಮ ಕಡೆಯೋರು, ಎಲ್ಲ ಸೇರಿ ಒಂದು ಮೂವತ್ತು ಎಲೆ. ನಮ್ಮಪ್ಪನ ಆತ್ಮ ಎಷ್ಟು ಸಂತೋಷ ಪಡುತ್ತೆ ಗೊತ್ತಾ?"

"ಒಂದೇ ತೊಂದ್ರೆ," ಎಂದರು ತುಳಸಮ್ಮ ಕ್ಯಾಲೆಂಡರಿನ ಕಡೆ ಕಣ್ಣು ಹಾಯಿಸಿ. "ಅವತ್ತಿಗೇ ಸರಿಯಾಗಿ ನೀನು ದೂರ ಆಗ್ತೀಯ. ಮಧು ಅದಕ್ಕೂ ವ್ಯವಸ್ಥೆ ಮಾಡಿದಾನೆ."

ಮಧುಸೂದನ ಜೇಬಿನಿಂದ ಮೆಡಿಕಲ್ ಸ್ಟೋರಿನ ಪುಟ್ಟ ಕವರು ತೆಗೆದ. "ಮುಂದಕ್ಕೆ ಹಾಕೋ ಮಾತ್ರೆ ಕಣೆ. ಇವತ್ತಿಂದ್ಲೇ ಶುರು ಮಾಡು. ಹಬ್ಬ ಹರಿದಿನ ಬಂದ್ರೆ ಎಲ್ರೂ ತಗೊಳ್ತಾರೆ. ಸ್ವಲ್ಪ ಪ್ಲಾನ್ ಮಾಡ್ಕೊಂಡ್ರೆ ಆಯ್ತು."

ಮೈತ್ರೇಯಿ ಆ ಮೂವರನ್ನೂ ನೋಡಿದಳು. ಆಚಾರ ಅತ್ತೆಗೆ ಬೇಡವಾಗಿತ್ತು, ಮಾವನಿಗೆ ಬೇಕಾಗಿತ್ತು, ಗಂಡನಿಗೆ ಎರಡೂ ಒಂದೇ. ಆದರೂ ಮೂವರೂ ಒಮ್ಮತದಿಂದ ಅವಳ ಮೂರು ದಿನಗಳನ್ನು ಗುಳಿಗೆ ಕೊಟ್ಟು ಕಿತ್ತುಕೊಳ್ಳುತ್ತಿದ್ದರು. ಅದೂ ಎಷ್ಟು ಪ್ರೀತಿಯಿಂದ! ಲೋಟದಲ್ಲಿ ನೀರೂ ತಂದಿಟ್ಟಿದ್ದರು. ಈ ಮನೆಯಲ್ಲಿ ಅವಳಿಗೆಂದು ಬೇರೆಯವರು, ದೂರದಿಂದ ತಳ್ಳದೆ, ನೀರು ತಂದಿಟ್ಟದ್ದು ಅದೇ ಮೊದಲು.

"ನಾನು ಅಡುಗೆ ಮಾಡಲ್ಲ," ಎಂದಳು.

"ಯಾಕೆ, ಈಗಾಗ್ಲೇ ದೂರ ಆದ್ಯಾ?" ತುಳಸಮ್ಮ ಸೆರಗು ಸರಿಸಿಕೊಂಡು ಹಿಂದೆ ಸರಿದರು.

"ಇಲ್ಲ ಅತ್ತೆ."

"ಮತ್ತೆ?"

"ಸುಸ್ತಾಗಿದೆ."

"ಸುಸ್ತು ಸರಿ. ಕಾರಣ ಏನು?" ಎಂದು ಕೇಳಿದರು ಶೀನಣ್ಣ, ನಿಜವಾಗಿಯೂ ಅರ್ಥವಾಗದೆ.

"ಅದೇ ಕಾರಣ ಮಾವ. ನಾನು ಉಪನ್ಯಾಸ ಕೇಳಿರ್ಲಿಲ್ಲ, ನಿದ್ದೆ ಮಾಡ್ತಿದ್ದೆ. ದೂರ ಕೂತಿದ್ದೂ ನಿದ್ದೆಗೇನೆ. ಒಂದ್ ವಾರ ರಜ ಹಾಕಿದೀನಿ, ಮಲಗ್ತೀನಿ. ಮುನಿಲಕ್ಷ್ಮಮ್ಮ ನಾಳೆಯಿಂದ ಒಳಗೆ ಬರ್ಲಿ."

"ಹಾಗಾದ್ರೆ ಇಷ್ಟು ದಿನ ನಾಟಕಾನಾ?" ಎಂದರು ಶೀನಣ್ಣ. "ಪಾರ್ಕಲ್ಲಿ ನಾನು ಹೇಗೆ ಮುಖ ತೋರಿಸ್ಲಿ?"

"ಸುಸ್ತು ಅಂತ ಹೇಳಿದ್ರೆ ಬಿಡ್ತಿದ್ರಾ ಮಾವ?"

ಉತ್ತರಕ್ಕೆ ಕಾಯದೆ, ಹಿತ್ತಲಿಗೂ ಹೋಗದೆ, ಅವಳು ನೇರ ತನ್ನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಹೊರಗೆ ತುಳಸಮ್ಮನ ಅಳು, ಶೀನಣ್ಣನವರ ಶಾಪ, ಮಧುಸೂದನನ "ಎಲ್ರೂ ಸ್ವಲ್ಪ ರಿಲ್ಯಾಕ್ಸ್ ಆಗಿ" ಒಂದಾದ ಮೇಲೊಂದು ಕೇಳಿಸಿದವು. ಮೂರರಲ್ಲಿ ಕೊನೆಯದೇ ಅವಳಿಗೆ ಹೆಚ್ಚು ಅಸಹ್ಯವೆನಿಸಿತು.

ಶುಕ್ರವಾರದ ಶ್ರಾದ್ಧ ಎಂದಿನಂತೆ ಮಠದಲ್ಲೇ ಎಂದು ನಿಶ್ಚಯವಾಯಿತು. ಅಂದು ಬೆಳಗ್ಗೆ ಆಟೋ ಬಾಗಿಲಲ್ಲಿ ನಿಂತು ಗುರುಗುಟ್ಟುತ್ತಿರುವಾಗ ಮಧುಸೂದನ ಕೋಣೆಯ ಬಾಗಿಲು ತಟ್ಟಿದ.

"ಮೈತ್ರೇಯಿ, ಬರಲ್ವಾ? ನಮ್ಮೋರೆಲ್ಲ ಬಂದಿರ್ತಾರೆ ಕಣೆ. ಸೊಸೆ ಎಲ್ಲಿ ಅಂತ ಕೇಳಿದ್ರೆ ಏನ್ ಹೇಳ್ಲಿ?"

"ಮಲಗಿದಾಳೆ ಅಂತ ಹೇಳಿ," ಎಂದು ಮೈತ್ರೇಯಿ ಮಗ್ಗುಲಾದಳು.