ಎತ್ತಿ ಹೊಯ್ದ ನೀರು

ಊರಿಗೆ ಹೊರಟ ದಿನ ನನ್ನ ಹೆಂಡತಿ ವಸಂತಿ ಚಪ್ಪಲಿ ಹಾಕಿದವಳು ಮತ್ತೆ ಕಳಚಿ ಒಳಗೆ ಬಂದು ಮೀನಿನ ಗಾಜಿನ ತೊಟ್ಟಿಯ ಮುಂದೆ ನಿಂತಳು.

"ಮೂರನ್ನೂ ನಿಮ್ಮ ಕೈಯಲ್ಲಿ ಬಿಟ್ಟು ಹೋಗ್ತಾ ಇದ್ದೇನೆ. ನಾನು ಬರುವವರೆಗೆ ನೋಡ್ಕೊಳ್ಳಿ ಮಾರಾಯ್ರೆ," ಎಂದಳು.

ನಾನು ಹೂಂ ಎಂದೆ. ಅವಳ ತಾಯಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಒಂದು ತಿಂಗಳೆಂದು ಹೋದವಳು. ಈಗ ಐದು ತಿಂಗಳಾಯಿತು.

ಮೀನುಗಳೂ ಅವಳ ತಾಯಿಮನೆಯವೇ. ನಮ್ಮ ಉಡುಪಿ ಕಡೆ ಬಾವಿ ಸ್ವಚ್ಛ ಮಾಡಿಸಿದ ಮೇಲೆ ಹುಳ ತಿನ್ನಲಿ ಎಂದು ನೀರಿಗೆ ನಾಲ್ಕು ಮೀನು ಬಿಡುವ ಕ್ರಮವುಂಟು. ಎರಡು ವರ್ಷದ ಹಿಂದೆ ಅಲ್ಲಿ ಬಾವಿ ಬರಿದು ಮಾಡಿಸಿದಾಗ ಸಿಕ್ಕಿದ ಮರಿಗಳಲ್ಲಿ ಮೂರನ್ನು ಬಾಟಲಿಗೆ ಹಾಕಿ, ರೈಲಿನುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡು ಮುಂಬಯಿಯ ದಹಿಸರಿಗೆ ತಂದಿದ್ದಳು. ಬೆರಳುದ್ದ, ಬೂದು ಬಣ್ಣ, ಅಂಗಡಿಯಲ್ಲಿಟ್ಟರೆ ಯಾರೂ ತಿರುಗಿ ನೋಡದಂಥವು. ಬಾವಿಯಲ್ಲಿ ಹುಟ್ಟಿದವಕ್ಕೆ ಬಾವಿಯ ನೀರೇ ಬೇಕೆಂದು ನಮ್ಮ ಚಾಳಿನ ಸಾಲುಮನೆಗಳ ನಡುವಿನ ಬಾವಿಯಿಂದಲೇ ಸೇದಿ ಹಾಕುತ್ತಿದ್ದಳು. ಗಾಳಿಯ ಯಂತ್ರ ಇಟ್ಟಿರಲಿಲ್ಲ. ಅದರ ಸದ್ದಿಗೆ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದಳು.

ಐದು ತಿಂಗಳು ನಾನೂ ಶನಿವಾರಕ್ಕೊಂದು ಕೊಡ ಸೇದಿ ಹಾಕಿದೆ. ದಿನಾ ಸಂಜೆ ಏಳಕ್ಕೆ ಅವಳ ವಿಡಿಯೋ ಕಾಲ್. ಮೊದಲು ಮೀನು ತೋರಿಸಬೇಕು, ನನ್ನ ಮುಖ ಆಮೇಲೆ. ಮೂರೂ ನೆಟ್ಟಗಿರುವವರೆಗೆ ಅವಳು ಬಂದೇ ಬರುತ್ತಾಳೆ ಎಂಬ ನಂಬಿಕೆಯೊಂದು ಯಾವಾಗಲೋ ನನ್ನೊಳಗೆ ಕೂತುಬಿಟ್ಟಿತ್ತು. ಯಾರಿಗೂ ಹೇಳುವಂಥದ್ದಲ್ಲ.

ಮಳೆಗಾಲ ಮುಗಿದ ಮೇಲೆ ಚಾಳಿನವರು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದರು. ನೀರು ಸೇದಿದರೆ ಆಸ್ಪತ್ರೆಯ ವಾಸನೆ. ತೊಟ್ಟಿಯ ನೀರೋ ಹಸುರಾಗುತ್ತಿತ್ತು. ಏನು ಮಾಡಲಿ ಎಂದು ವಸಂತಿಯನ್ನು ಕೇಳಬಹುದಿತ್ತು. ಆದರೆ ತಾಯಿಯನ್ನು ಎತ್ತಿ ಕೂರಿಸಿ ಸುಸ್ತಾದ ದನಿ ಅವಳದು. "ಅಷ್ಟು ಕಷ್ಟವಾದರೆ ಬಾವಿಗೇ ಬಿಟ್ಟುಬಿಡಿ" ಎಂದುಬಿಟ್ಟರೆ? ಆ ಮಾತು ಕೇಳುವ ಧೈರ್ಯ ನನಗಿರಲಿಲ್ಲ.

ನಾನು ಕಲಿತದ್ದು ಕನ್ನಡ ರಾತ್ರಿಶಾಲೆಯಲ್ಲಿ. ಹಗಲು ಜೋಗೇಶ್ವರಿಯ ಹೋಟೆಲಿನಲ್ಲಿ ಕಾಫಿ ಹೊಯ್ಯುವ ಕೆಲಸ. ಒಂಬತ್ತನೆಯ ತರಗತಿಯಲ್ಲಿ ನೀರಿನ ಶುದ್ಧೀಕರಣದ ಪಾಠವಿತ್ತು: ಸೋಸುವುದು, ಪಟಿಕ ಆಡಿಸುವುದು, ಕುದಿಸುವುದು. ಆ ಪ್ರಶ್ನೆಗೆ ಐದಕ್ಕೆ ಐದು ಅಂಕ ಬಂದಿತ್ತು. ಈಗ ಅದೇ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತೇನೆ. ಅಲ್ಲಿಯ ನಿಯಮವೂ ಅದೇ. ನೀರು ಇಪ್ಪತ್ತು ನಿಮಿಷ ಕುದಿಯಬೇಕು, ಮುಚ್ಚಿಟ್ಟೇ ಆರಬೇಕು, ಯಾರೂ ಅಲುಗಿಸಬಾರದು.

ರಜೆ ಹಾಕಿ ಎರಡು ದಿನ ಬಾವಿಯ ನೀರಿಗೆ ದೊಡ್ಡ ಪಾತ್ರೆಯಲ್ಲಿ ಅದನ್ನೇ ಮಾಡಿದೆ. ಪಕ್ಕದ ಖೋಲಿಯ ಹಾಲವ್ವಕ್ಕ ಬಾಗಿಲಲ್ಲಿ ಇಣುಕಿದರು. ಬಾಗಲಕೋಟೆಯವರು, ಈ ಚಾಳಿನಲ್ಲಿ ನಮಗಿಂತ ಹಳಬರು.

"ಏನೋ ತಮ್ಮಾ, ಇಷ್ಟು ದೊಡ್ಡ ಭೋಗೋಣಿ! ಮದಿವಿ ಐತೇನು?"

"ಮೀನಿಗೆ, ಅಕ್ಕಾ."

"ಮೀನಿಗೆ ಬಿಸಿನೀರ ಜಳಕಾನ? ಬಾಳ ಪುಣ್ಯಾ ಮಾಡ್ಯಾವ ಬಿಡು!" ನಗುತ್ತಾ ಹೋದರು.

ಶನಿವಾರ ಬೆಳಿಗ್ಗೆ ಹಸುರು ನೀರನ್ನು ಪೂರ್ತಿ ತೆಗೆದು ಹೊಸ ನೀರು ತುಂಬಿದೆ. ಹಸುರು ಒಂದಿಷ್ಟೂ ಉಳಿಯಬಾರದು ಎಂಬ ಹಟ. ಒಂದು ಹನಿಯೂ ಚಿಮ್ಮದಂತೆ ಪೈಪಿನಲ್ಲಿ ಮೆಲ್ಲಗೆ ಇಳಿಸಿದೆ. ಅಂಥ ತಿಳಿ ನೀರನ್ನು ನಾನು ನೋಡಿರಲಿಲ್ಲ. ಸಂಜೆ ತೋರಿಸಿದರೆ ಏನನ್ನುತ್ತಾಳೋ ಎಂದು ಹಿಗ್ಗುತ್ತಾ ಮೀನುಗಳನ್ನು ಬಿಟ್ಟೆ.

ಒಂದು ಗಂಟೆಯೊಳಗೆ ಮೂರೂ ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚತೊಡಗಿದವು. ಹಸಿವಿರಬಹುದೆಂದು ಅಕ್ಕಿಹಿಟ್ಟು ಉದುರಿಸಿದೆ. ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಮಗ್ಗುಲಾಗಿ ತೇಲಿತು. ನಾನು ಹಾಲವ್ವಕ್ಕನ ಬಾಗಿಲು ಬಡಿದೆ.

ಅವರು ತೊಟ್ಟಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. "ಕುದಿಸಿದಿ ಅಂದ್ರ ನೀರಾಗಿನ ಗಾಳಿ ಎಲ್ಲಾ ಹಾರಿ ಹೋತಲ್ಲೋ! ಇವು ಏನು ಉಸಿರಾಡಬೇಕು, ನಿನ್ನ ತಲಿ?"

"ವಸಂತಿ ಏನು ಮಾಡ್ತಿದ್ದಳು ಅಕ್ಕಾ?"

"ಹ್ವಾದ ವರ್ಷ ಪೌಡರ್ ಹಾಕಿದಾಗ ಎರಡು ದಿನ ನೀರು ಬಿಸಿಲಾಗ ಇಟ್ಟಿದ್ಲು. ಆಮ್ಯಾಲ ಎರಡು ಚರಗಿ ಹಿಡಕೊಂಡು ಅದರಿಂದ ಇದಕ್ಕ, ಇದರಿಂದ ಅದಕ್ಕ ಎತ್ತಿ ಎತ್ತಿ ಹೊಯ್ತಿದ್ಲು. ಇದೇನ ತಂಗೀ ಅಂದ್ರ, 'ನಮ್ಮವರು ಕಾಫಿ ಹೊಯ್ಯೂ ಹಂಗ' ಅಂತ ನಗೂದು."

ಅವಳು ನೀರು ಬದಲಿಸುವ ಹೊತ್ತಿಗೆ ನಾನು ಮನೆಯಲ್ಲಿದ್ದವನಲ್ಲ. ಅವಳು ಹೋಟೆಲಿನ ಕೌಂಟರಿಗೆ ಬಂದು ನಿಂತು ನನ್ನ ಕೈ ನೋಡಿದ್ದಾದರೂ ಎಂದು? ಮದುವೆಯ ಹೊಸತರಲ್ಲಿ ಒಂದೆರಡು ಸಲ ಇರಬೇಕು.

"ಈಗ ನೋಡಾಕತ್ತಿ ಏನು? ಹೊಯ್ಯೋ!"

ಎರಡು ಚೊಂಬು ತೆಗೆದುಕೊಂಡೆ. ತೊಟ್ಟಿಯಿಂದ ನೀರು ತುಂಬಿ ತಲೆಯ ಮೇಲೆತ್ತಿ, ಸೊಂಟದ ಹತ್ತಿರ ಹಿಡಿದ ಇನ್ನೊಂದಕ್ಕೆ ಹೊಯ್ದೆ. ಹತ್ತೊಂಬತ್ತು ವರ್ಷ ಮಾಡಿದ ಕೆಲಸ, ಕೈ ಮರೆತಿರಲಿಲ್ಲ. ನೊರೆಯೆದ್ದ ನೀರನ್ನು ತೊಟ್ಟಿಗೆ ಸುರಿದು ಮತ್ತೆ ತುಂಬಿದೆ. ನೆಲವೆಲ್ಲ ಒದ್ದೆ, ಭುಜದಲ್ಲಿ ನೋವು. ನಾಲ್ಕು ಗಂಟೆಯ ಹೊತ್ತಿಗೆ ಎರಡು ಮೀನು ಮೆಲ್ಲಗೆ ಕೆಳಗಿಳಿದು ಕಲ್ಲಿನ ಸಂದಿಗೆ ಹೋದವು. ಮೂರನೆಯದನ್ನು ಹಾಲವ್ವಕ್ಕ ಅಂಗೈಯಲ್ಲಿ ಎತ್ತಿ ತುಳಸಿಯ ಬುಡಕ್ಕೆ ಹಾಕಿದರು.

ಏಳಕ್ಕೆ ಫೋನ್ ಬಂತು. ಕ್ಯಾಮೆರಾವನ್ನು ದೂರದಿಂದ ಹಿಡಿದೆ.

"ಹತ್ತಿರ ಹಿಡಿಯಿರಿ. ಎರಡೇ ಕಾಣ್ತದೆ."

"ಎರಡೇ ಉಂಟು," ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ, ಐದಕ್ಕೆ ಐದು ಅಂಕದಿಂದ ಹಿಡಿದು. ಆಚೆ ಅವಳ ತಾಯಿ ಕೆಮ್ಮುವುದು ಕೇಳಿಸಿತು.

ಕೇಳಬಾರದೆಂದಿದ್ದ ಮಾತು ನನ್ನ ಬಾಯಿಂದಲೇ ಬಂತು. "ವಸಂತಿ, ಉಳಿದವನ್ನು ಬಾವಿಗೆ ಬಿಡ್ಲಾ?"

"ಎಂತಕ್ಕೆ? ಬೇಡ." ದನಿ ಚುರುಕಾಯಿತು. "ಅಮ್ಮ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡ್ತಾರೆ ಈಗ. ನಾನು ಬಂದಾಗ ತೊಟ್ಟಿ ಖಾಲಿ ಇದ್ದರೆ ನನಗೆ ಆಗ್ಲಿಕ್ಕಿಲ್ಲ."

ಯಾವಾಗ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ.

"ಈಗ ಹೊಯ್ಯುವುದುಂಟಾ ಇನ್ನೂ?" ಎಂದಳು.

"ಮಲಗುವ ಮುಂಚೆ ಇನ್ನೊಮ್ಮೆ ಹೊಯ್ಯಬೇಕು."

"ಈಗಲೇ ಹೊಯ್ಯಿರಿ. ಫೋನ್ ಅಲ್ಲೇ ಇಡಿ."

ಫೋನನ್ನು ತೊಟ್ಟಿಯ ಪಕ್ಕ ಒರಗಿಸಿಟ್ಟೆ. ಚೊಂಬು ತುಂಬಿ ಕೈ ಎತ್ತಿದೆ. ನೀರು ಬೀಳುವ ಸದ್ದು ಕೇಳುತ್ತಾ ಅವಳು ಅಲ್ಲಿ ಕೂತಿದ್ದಳು.

"ಇನ್ನೂ ಮೇಲಿಂದ," ಎಂದಳು.

ನಾನು ಹಿಮ್ಮಡಿ ಎತ್ತಿ ನಿಂತೆ.