ಖಾಲಿಯಾಗದ ಬನ್ನು

ಆ ಬನ್ನು ಮಾಡುವುದು ಎಷ್ಟು ಸುಲಭವೆಂದರೆ ಗ್ಲೆನಾ ಸ್ಟಿಡಮ್ ಅದನ್ನು ಅಡುಗೆಯೆಂದೇ ಎಣಿಸುತ್ತಿರಲಿಲ್ಲ. ಡಬ್ಬಿಯಲ್ಲಿ ಸಿದ್ಧವಾಗಿ ಬರುವ ಹಿಟ್ಟನ್ನು ಬಿಚ್ಚಿ ತ್ರಿಕೋನದ ತುಂಡು ಮಾಡಬೇಕು. ಹತ್ತಿಯುಂಡೆಯಂಥ ಬಿಳಿ ಮಾರ್ಷ್‌ಮ್ಯಾಲೋ ಮಿಠಾಯಿಯನ್ನು ಕರಗಿದ ಬೆಣ್ಣೆಯಲ್ಲಿ ಅದ್ದಿ, ಸಕ್ಕರೆ ಬೆರೆಸಿದ ದಾಲ್ಚಿನ್ನಿ ಪುಡಿಯಲ್ಲಿ ಹೊರಳಿಸಿ, ಹಿಟ್ಟಿನೊಳಗಿಟ್ಟು ಅಂಚನ್ನೆಲ್ಲ ಬಿಗಿಯಾಗಿ ಚಿವುಟಿ ಮುಚ್ಚಬೇಕು. ಓವನ್ನಿನಲ್ಲಿ ಹದಿನೈದು ನಿಮಿಷ. ಅಷ್ಟರಲ್ಲಿ ಮಿಠಾಯಿ ಕರಗಿ ಹಿಟ್ಟಿಗೆ ಇಳಿದುಬಿಡುತ್ತದೆ. ಮುರಿದರೆ ನಡುವೆ ಬರೀ ಟೊಳ್ಳು. ಈಸ್ಟರ್ ಬೆಳಿಗ್ಗೆ ಚರ್ಚಿನ ಮಕ್ಕಳಿಗೆ ಅದೇ ಪಾಠ. ಮಿಠಾಯಿ ಎಂದರೆ ಯೇಸುವಿನ ದೇಹ, ಬೆಣ್ಣೆ ಎಂದರೆ ಹಚ್ಚಿದ ತೈಲ, ಹಿಟ್ಟು ಶವಕ್ಕೆ ಸುತ್ತಿದ ಬಟ್ಟೆ, ಓವನ್ನು ಸಮಾಧಿ. ಮುರಿದು ನೋಡಿ ಮಕ್ಕಳೇ, ಸಮಾಧಿ ಖಾಲಿ, ಯೇಸು ಎದ್ದು ಹೋಗಿದ್ದಾನೆ.

ಹನ್ನೊಂದು ವರ್ಷಗಳಿಂದ ಕೋಲಿ ಫೋರ್ಕ್ ಕಣಿವೆಯ ಚರ್ಚಿಗೆ ಈ ಬನ್ನುಗಳನ್ನು ಮಾಡುತ್ತಿದ್ದವಳು ಗ್ಲೆನಾ. ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ಇನ್ನೂರು ತಟ್ಟೆ ಬಡಿಸುವವಳಿಗೆ ಎರಡು ಡಜನ್ ಬನ್ನು ಯಾವ ಲೆಕ್ಕ? ಆ ವರ್ಷ ಮಾತ್ರ ಅವಳು ಪ್ರತಿ ಬನ್ನಿನ ಅಂಚನ್ನೂ ಎರಡೆರಡು ಸಲ ಚಿವುಟಿದಳು. ಲೊರೀನ್ ಊಟಕ್ಕೆ ಬರುತ್ತಾಳೆಂದು ಪಾದ್ರಿಯ ಹೆಂಡತಿ ಹೇಳಿಕಳಿಸಿದ್ದಳು.

ಲೊರೀನ್ ಗ್ಲೆನಾಳ ತಮ್ಮನ ಹೆಂಡತಿ. ತಮ್ಮ ಡೆನ್ವರ್ ಎರಡು ಬೇಸಿಗೆಗಳ ಹಿಂದೆ, ಹಳ್ಳ ಉಕ್ಕಿ ಕಣಿವೆಯ ಅರ್ಧ ಮನೆಗಳನ್ನು ಕೊಚ್ಚಿಕೊಂಡು ಹೋದ ಬೆಳಿಗ್ಗೆ, ಸೇತುವೆಯ ಹತ್ತಿರ ನೀರು ಎಷ್ಟಿದೆ ನೋಡಿ ಬರುತ್ತೇನೆಂದು ಟ್ರಕ್ ಹತ್ತಿ ಹೋದವನು ಮರಳಿ ಬರಲಿಲ್ಲ. ಮೂರು ಮೈಲಿ ಕೆಳಗೆ ಟ್ರಕ್ ಸಿಕ್ಕಿತು, ಅವನು ಸಿಗಲಿಲ್ಲ. ನಾಯಿಗಳನ್ನು ತಂದು, ದೋಣಿ ತಂದು, ನದಿ ಸೇರುವವರೆಗೂ ಹುಡುಕಿದರು. ಲೊರೀನ್ ಮಾತ್ರ ಅವನ ಕೋಟನ್ನು ಬಾಗಿಲ ಹಿಂದಿನ ಗೂಟದಿಂದ ತೆಗೆಯಲಿಲ್ಲ, ಬೆಟ್ಟದ ಮೇಲಿನ ಸ್ಮಶಾನದಲ್ಲಿ ಅವನ ಹೆಸರಿನ ಕಲ್ಲು ನೆಡಲೂ ಬಿಡಲಿಲ್ಲ. ಒಂದು ದಿನ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಗ್ಲೆನಾ ಅವಳಿಗೆ, ಅವನು ಸತ್ತಿದಾನೆ ಲೊರೀನ್, ನೀನು ಒಪ್ಪಿಕೊಂಡರೆ ಅಮ್ಮನಾದರೂ ಅತ್ತು ಮುಗಿಸುತ್ತಾಳೆ ಎಂದಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಈಸ್ಟರ್ ದಿನ ಸೂರ್ಯ ಹುಟ್ಟುವ ಹೊತ್ತಿನ ಪ್ರಾರ್ಥನೆ ಅವರಲ್ಲಿ ಸ್ಮಶಾನದಲ್ಲೇ ನಡೆಯುತ್ತದೆ. ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹಾಡುವವರ ಬಾಯಿ ಕಾಣುತ್ತಿರಲಿಲ್ಲ, ಹಾಡು ಕಲ್ಲುಗಳ ನಡುವಿನಿಂದ ಎದ್ದು ಬಂದ ಹಾಗೆ ಕೇಳುತ್ತಿತ್ತು. ಗ್ಲೆನಾ ಎರಡನೇ ಚರಣಕ್ಕೇ ಅಲ್ಲಿಂದ ಇಳಿದು ಚರ್ಚಿನ ನೆಲಮಾಳಿಗೆಗೆ ಬಂದು ಓವನ್ ಹೊತ್ತಿಸಿದಳು. ಇಪ್ಪತ್ತನಾಲ್ಕು ಬನ್ನನ್ನೂ ಅವಳೇ ಸುತ್ತಿದ್ದು, ಅವಳೇ ಚಿವುಟಿದ್ದು. ಒಳಗೆ ಬೇರೆ ಯಾರೂ ಇರಲಿಲ್ಲ.

ಎಲ್ಲರೂ ಬಂದು ಮೊಟ್ಟೆ, ಸಾಸೇಜಿನ ಗ್ರೇವಿ, ಕಾಫಿಗಳ ಮುಂದೆ ಕೂತರು. ಲೊರೀನ್ ಕೊನೆಯ ಮೇಜಿನ ತುದಿಯಲ್ಲಿ, ಕೋಟು ಕಳಚದೆ ಕೂತಿದ್ದಳು. ಪಾದ್ರಿ ಬ್ರದರ್ ಹಾರ್ಲನ್ ಹೇಳಿದ ಕೂಡಲೇ ಎಲ್ಲರೂ ಒಟ್ಟಿಗೆ ಬನ್ನು ಮುರಿದರು. ಮಕ್ಕಳು ಖಾಲಿ, ಖಾಲಿ ಎಂದು ಕೂಗಿದರು. ಆಮೇಲೆ ಆ ಕೂಗು ಮೇಜಿನಿಂದ ಮೇಜಿಗೆ ಆರುತ್ತ ಬಂತು.

ಲೊರೀನಳ ಬನ್ನಿನೊಳಗೆ ಮಿಠಾಯಿ ಹಾಗೇ ಇತ್ತು. ಕರಗಿರಲಿಲ್ಲ, ಕಂದಿರಲಿಲ್ಲ, ಅದ್ದಿದ ಬೆಣ್ಣೆ, ಹೊರಳಿಸಿದ ದಾಲ್ಚಿನ್ನಿ ಒಂದೂ ಅದಕ್ಕೆ ಅಂಟಿರಲಿಲ್ಲ. ಬಿಳಿಯಾಗಿ, ದುಂಡಗೆ, ಹಬೆಯಾಡುವ ಹಿಟ್ಟಿನ ನಡುವೆ ಕೂತಿತ್ತು. ಪಕ್ಕದಲ್ಲಿದ್ದ ಹೆಂಗಸು ಬೆರಳು ತಾಗಿಸಿ ಚಟ್ಟನೆ ಎಳೆದುಕೊಂಡಳು. ತಣ್ಣಗಿದೆ, ಹಳ್ಳದ ಕಲ್ಲಿನ ಹಾಗೆ ತಣ್ಣಗಿದೆ ಎಂದಳು.

ಲೊರೀನ್ ತಲೆ ಎತ್ತಿ ನೇರ ಗ್ಲೆನಾಳನ್ನು ನೋಡಿದಳು. ಬೇರೆಯವರೂ ನೋಡಿದರು. ಅಂಗಡಿಯಲ್ಲಿ ಆಡಿದ ಮಾತು ಯಾರಿಗೂ ಮರೆತಿರಲಿಲ್ಲ. ಸಮಾಧಿ ಖಾಲಿಯಿಲ್ಲ, ಸತ್ತವನು ಎದ್ದು ಬರುವುದಿಲ್ಲ ಎಂದು ಹೇಳಲು ಇಷ್ಟು ಕ್ರೂರವಾದ ಉಪಾಯ ಬೇಕಿತ್ತೇ ಎಂದು ಒಬ್ಬಿಬ್ಬರು ಗುಸುಗುಟ್ಟಿದ್ದು ಗ್ಲೆನಾಳ ಕಿವಿಗೂ ಬಿತ್ತು. ಲೊರೀನ್ ಆ ಬಿಳಿಯ ಉಂಡೆಯನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿಕೊಂಡು, ಕಾಫಿಯನ್ನು ಹಾಗೇ ಬಿಟ್ಟು ಎದ್ದು ಹೋದಳು.

ಅಂದು ಮಧ್ಯಾಹ್ನ ಗ್ಲೆನಾ ಮನೆಯಲ್ಲಿ, ಅದೇ ಪೊಟ್ಟಣದಲ್ಲಿ ಉಳಿದ ಮಿಠಾಯಿಗಳಿಂದ ಮತ್ತೆ ಬನ್ನು ಮಾಡಿದಳು. ಎಲ್ಲ ಟೊಳ್ಳು. ಬಿಸಿ ಕಡಿಮೆ ಮಾಡಿ ನೋಡಿದಳು, ಅರ್ಧ ಹೊತ್ತಿಗೇ ತೆಗೆದು ನೋಡಿದಳು, ಮಿಠಾಯಿಯನ್ನು ಮಂಜುಗಡ್ಡೆಯಂತೆ ಹೆಪ್ಪುಗಟ್ಟಿಸಿ ನೋಡಿದಳು. ಹಿಟ್ಟು ಹಸಿಯಿದ್ದಾಗಲೇ ಮಿಠಾಯಿ ಕರಗಿ ಅಂಟಾಗುತ್ತಿತ್ತು. ಹೊತ್ತು ಇಳಿಯುವಷ್ಟರಲ್ಲಿ ಮೇಜಿನ ತುಂಬ ಮುರಿದ ಬನ್ನುಗಳು ಬಾಯಿ ತೆರೆದು ಬಿದ್ದಿದ್ದವು. ಅವಳ ಎಂಬತ್ತರ ಮುದುಕಿ ತಾಯಿ ಓಮಾ ಬಾಗಿಲಲ್ಲಿ ನಿಂತು ಅವನ್ನೆಲ್ಲ ನೋಡಿ, ಸಾಕು ಬಿಡು ಮಗಳೇ, ಅದು ನಿನ್ನ ಕೈಯಲ್ಲಿ ಇಲ್ಲ ಎಂದಳು.

ಮಂಗಳವಾರ ಸಂಜೆ ಲೊರೀನ್ ಬಂದಳು. ಬಾಗಿಲು ತಟ್ಟಲಿಲ್ಲ. ಹಿಂದೆಲ್ಲ ಬರುತ್ತಿದ್ದ ಹಾಗೆ ಅಡುಗೆಮನೆಗೆ ನೇರ ನಡೆದು ಬಂದು, ಕೈಯಲ್ಲಿದ್ದ ಸಾಸರನ್ನು ಮೇಜಿನ ಮೇಲಿಟ್ಟಳು. ಅದರಲ್ಲಿ ಆ ಮಿಠಾಯಿ. ಸುತ್ತ ಎರಡು ಚಮಚದಷ್ಟು ನೀರು ನಿಂತಿತ್ತು.

"ಮೂರು ದಿನದಿಂದ ಚೆಲ್ತಾನೇ ಇದೀನಿ," ಎಂದಳು. "ಬೆಳಿಗ್ಗೆ ಎದ್ದು ನೋಡಿದ್ರೆ ಮತ್ತೆ ನೀರು. ಇರುವೆ ಕೂಡ ಹತ್ರ ಬರಲ್ಲ."

ಗ್ಲೆನಾ ಬಗ್ಗಿ ನೋಡಿದಳು. ನೀರಿನ ತಳದಲ್ಲಿ ಕಪ್ಪು ಮರಳು, ನುಣುಪಾಗಿ, ಚಿಟಿಕೆಯಷ್ಟು. ಮನೆಯಲ್ಲಿ ಒಲೆ ಉರಿಯುತ್ತಿದ್ದರೂ ಸಾಸರಿನಿಂದ ತಣ್ಣನೆ ಗಾಳಿ ಮುಖಕ್ಕೆ ಬಂತು.

"ಇದನ್ನ ಎಸೆಯೋಣ," ಎಂದಳು.

"ಎಸೆಯೋಕೆ ಕೊಟ್ಟಿದ್ದಲ್ಲ. ತಿನ್ನೋಕೆ ಕೊಟ್ಟಿದ್ದು. ಒಬ್ಳೇ ತಿನ್ನೋಕೆ ಧೈರ್ಯ ಬರಲಿಲ್ಲ, ಅದಕ್ಕೆ ಬಂದೆ. ಕೂತ್ಕೋ."

ಗ್ಲೆನಾ ಕೂತಳು. ಲೊರೀನ್ ಆ ಉಂಡೆಯನ್ನು ಎತ್ತಿ ಪೂರ್ತಿ ಬಾಯಿಗಿಟ್ಟುಕೊಂಡಳು. ಅವಳ ಕಣ್ಣಲ್ಲಿ ನೀರು ಬಂತು, ತುಟಿ ನೀಲಿಗಟ್ಟಿತು. ಬಹಳ ಹೊತ್ತು ಅಗಿಯುತ್ತಲೇ ಇದ್ದಳು. ಕೊನೆಗೆ ನುಂಗಿ, ಎರಡೂ ಕೈಯನ್ನು ಮೇಜಿನ ಮೇಲೆ ಚಾಚಿ ಕೂತಳು.

"ಗಂಧಕ," ಎಂದಳು. "ಗಂಧಕದ ನೀರಿನ ರುಚಿ."

ಗ್ಲೆನಾ ಸಾಸರಿನ ನೀರಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿದಳು. ಕೊಳೆತ ಮೊಟ್ಟೆಯ ವಾಸನೆ, ಕಬ್ಬಿಣದ ಒಗರು. ಆ ಕಣಿವೆಯಲ್ಲಿ ಹುಟ್ಟಿದ ಯಾರಿಗೂ ಆ ರುಚಿ ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಅಂಥ ನೀರು ಉಕ್ಕುವ ಊಟೆ ಸುತ್ತಮುತ್ತ ಒಂದೇ ಒಂದು. ಅದು ಸೇತುವೆಯಿಂದ ಅರ್ಧ ಮೈಲಿ ಮೇಲೆ, ಆಲಿ ನೋಬಲ್ ಎಂಬ ಮುದಿ ವಿಧವೆಯ ಮನೆಗೆ ಹತ್ತುವ ದಾರಿಯಲ್ಲಿತ್ತು. ಪ್ರವಾಹದ ದಿನ ಗುಡ್ಡ ಜರಿದು ಆ ದಾರಿ, ಊಟೆ ಎರಡೂ ಮಣ್ಣಿನಡಿ ಹೋಗಿದ್ದವು. ಹುಡುಕಿದವರು ಯಾರೂ ಅತ್ತ ಹೋಗಿರಲಿಲ್ಲ. ನೀರು ಮನುಷ್ಯನನ್ನು ಕೆಳಕ್ಕೆ ಒಯ್ಯುತ್ತದೆ, ಮೇಲಕ್ಕಲ್ಲ.

"ಅಲ್ಲಿಗೆ ಯಾಕೆ ಹೋದ ಅವನು?" ಲೊರೀನ್ ತನ್ನನ್ನೇ ಕೇಳಿಕೊಳ್ಳುವಂತೆ ಕೇಳಿದಳು.

ಗ್ಲೆನಾಳಿಗೆ ಆ ಕ್ಷಣದಲ್ಲಿ ಉತ್ತರ ತಿಳಿಯಿತು. ಅದನ್ನು ಹೇಳದೆ, ಸಾಸರಿನ ನೀರು ಚೆಲ್ಲಲು ಎದ್ದಳು.

ಮರುದಿನ ಬೆಳಿಗ್ಗೆ ಇಬ್ಬರೂ ಅಗ್ನಿಶಾಮಕದ ಸ್ವಯಂಸೇವಕರ ಮುಖ್ಯಸ್ಥ ವರ್ಲಿನ್‌ನ ಮನೆಗೆ ಹೋದರು. ಬನ್ನಿನ ವಿಷಯ ಹೇಳಿದರೆ ಅವನು ನಕ್ಕು ಕಳಿಸುತ್ತಾನೆಂದು ಗ್ಲೆನಾ ಮೊದಲೇ ಯೋಚಿಸಿದ್ದಳು. ಲೊರೀನಳಿಗೆ ಕನಸು ಬಿದ್ದಿದೆ, ಡೆನ್ವರ್ ಗಂಧಕದ ಊಟೆಯ ಹತ್ತಿರ ನಿಂತಿದ್ದನಂತೆ ಎಂದಳು. ಕನಸೆಂದರೆ ಅಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ವರ್ಲಿನ್ ಟೋಪಿ ಕೈಗೆತ್ತಿಕೊಂಡು, ಮಣ್ಣು ತೆಗೆಯುವ ಯಂತ್ರ ಇರುವ ತನ್ನ ಭಾವಮೈದನಿಗೆ ಫೋನು ಮಾಡಿದ.

ಎರಡು ದಿನ ಅಗೆದರು. ಶುಕ್ರವಾರ ಬೆಳಿಗ್ಗೆ ಮಣ್ಣಿನಡಿಯಿಂದ ಮೊದಲು ನೀರು ಬಂತು, ಅದರ ಜೊತೆಗೆ ಆ ವಾಸನೆ. ಆಮೇಲೆ ಕಪ್ಪು ಮರಳು. ಸ್ವಲ್ಪ ಹೊತ್ತಿಗೆ ವರ್ಲಿನ್ ಯಂತ್ರ ನಿಲ್ಲಿಸಲು ಕೈಯೆತ್ತಿದ. ಉಳಿದಿದ್ದನ್ನು ಅವರು ಸಲಿಕೆಯಿಂದ, ಕೊನೆಗೆ ಬರಿಗೈಯಿಂದ ತೆಗೆದರು. ಡೆನ್ವರ್ ಆ ಊಟೆಯ ಬಾಯಲ್ಲೇ ಮಗ್ಗುಲಾಗಿ ಮಲಗಿದ್ದ. ಹೆಗಲಿಗೆ ಹಗ್ಗದ ಸುರುಳಿ ಹಾಗೇ ಇತ್ತು. ನಡೆಯಲಾರದ ಮುದುಕಿಯನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಸಲು ಹೋದವನ ಬಳಿ ಇರಬೇಕಾದಷ್ಟು ಉದ್ದದ ಹಗ್ಗ. ಟ್ರಕ್ಕನ್ನು ಸೇತುವೆಯ ಬಳಿ ಬಿಟ್ಟು ನಡೆದೇ ಹತ್ತಿದ್ದ. ನೀರು ಖಾಲಿ ಟ್ರಕ್ಕನ್ನು ಒಯ್ದಿತ್ತು.

ಆಲಿ ನೋಬಲ್ ಪ್ರವಾಹದ ರಾತ್ರಿ ತನ್ನ ಮನೆಯಲ್ಲಿ ಇರಲೇ ಇಲ್ಲ. ಗ್ಲೆನಾ ಹಿಂದಿನ ಸಂಜೆಯೇ ಅವಳನ್ನು ಕರೆತಂದು ತನ್ನ ಮನೆಯಲ್ಲಿ ಮಲಗಿಸಿದ್ದಳು.

ಮಣ್ಣು ಮಾಡಿದ ದಿನ ಮಧ್ಯಾಹ್ನ, ಜನ ತಂದಿಟ್ಟ ಊಟ ಮುಗಿದು ಎಲ್ಲರೂ ಹೋದ ಮೇಲೆ, ಲೊರೀನಳ ಅಡುಗೆಮನೆಯಲ್ಲಿ ಇಬ್ಬರೇ ಉಳಿದರು. ಲೊರೀನ್ ಪಾತ್ರೆ ತೊಳೆಯುತ್ತಿದ್ದಳು, ಗ್ಲೆನಾ ಒರೆಸುತ್ತಿದ್ದಳು. ಇನ್ನು ತಡೆಯಲಾರೆ ಎನಿಸಿ ಗ್ಲೆನಾ ಹೇಳಿಬಿಟ್ಟಳು. ಆ ಬೆಳಿಗ್ಗೆ ಐದು ಗಂಟೆ ಐದು ನಿಮಿಷಕ್ಕೆ ಡೆನ್ವರ್ ತನಗೆ ಫೋನು ಮಾಡಿದ್ದ. ಅವನ ಹೆಸರು ಕಂಡಿತು, ತಾನು ಎತ್ತಲಿಲ್ಲ. ಹಿಂದಿನ ದಿನ ಅಪ್ಪನ ಬಂದೂಕು ಯಾರಿಗೆ ಎಂಬ ವಿಷಯಕ್ಕೆ ಇಬ್ಬರಿಗೂ ಮಾತು ಬೆಳೆದಿತ್ತು, ಸ್ವಲ್ಪ ಹೊತ್ತು ಕಾಯಲಿ ಎಂದು ಬಿಟ್ಟಳು. ಆಮೇಲೆ ತಾನೇ ಮಾಡಿದಾಗ ಲೈನು ಸತ್ತಿತ್ತು. ಆಲಿ ನಿನ್ನ ಹತ್ತಿರ ಇದ್ದಾಳಾ ಎಂದು ಕೇಳಲೇ ಅವನು ಮಾಡಿದ್ದಿರಬೇಕು. ಇದ್ದಾಳೆ ಎಂಬ ಒಂದು ಮಾತಿಗೆ ಅವನು ಮನೆಗೆ ತಿರುಗುತ್ತಿದ್ದ. ಆಲಿ ಆಗ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು.

ಲೊರೀನ್ ನಲ್ಲಿ ನಿಲ್ಲಿಸಿದಳು. ತಿರುಗಲಿಲ್ಲ.

"ಫೋನ್ ಮಾಡಿದ್ದು ಗೊತ್ತಿತ್ತು," ಎಂದಳು. "ಕಂಪನಿಯವರು ಅವನ ಕರೆಗಳ ಪಟ್ಟಿ ಕಳಿಸಿದ್ರು. ಕೊನೇದು ನಿನಗೆ. ಯಾಕೆ ಅಂತ ಗೊತ್ತಿರಲಿಲ್ಲ. ನೀನಾಗೇ ಹೇಳ್ತೀಯ ಅಂತ ಎರಡು ವರ್ಷ ಕಾದೆ. ನೀನು ಅಂಗಡೀಲಿ ನನಗೇ ಬುದ್ಧಿ ಹೇಳಿದೆ."

ಗ್ಲೆನಾ ಒರೆಸುವ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಲೊರೀನ್ ಸಮಾಧಾನ ಮಾಡಲಿಲ್ಲ, ಹೋಗು ಎನ್ನಲೂ ಇಲ್ಲ. ಅವಳ ಅಳು ತಗ್ಗುವವರೆಗೆ ಕಿಟಕಿಯಾಚೆ ನೋಡುತ್ತ ನಿಂತಳು.

"ಬನ್ನು ಮುರಿದಾಗ ನೀನೇ ಇಟ್ಟಿದೀಯ ಅಂದ್ಕೊಂಡೆ. ಫೋನಿನ ವಿಷಯ ಬಾಯಲ್ಲಿ ಹೇಳೋಕಾಗದೆ ಹೀಗೆ ಹೇಳ್ತಿದಾಳೆ ಅಂತ."

"ನಾನಿಟ್ಟಿದ್ದಲ್ಲ, ಲೊರೀನ್."

"ಗೊತ್ತು. ಬಾಯಿಗೆ ಹಾಕ್ಕೊಂಡಾಗಲೇ ಗೊತ್ತಾಯ್ತು." ಅವಳು ಮತ್ತೆ ನಲ್ಲಿ ತಿರುಗಿಸಿದಳು. "ಮಿಠಾಯಿ ಆಗಿರಲಿಲ್ಲ ಅದು. ನಾಲಗೆ ಮೇಲೆ ಅಲುಗಾಡ್ತಿತ್ತು, ಏನೋ ಹೇಳೋಕೆ ನೋಡೋ ಹಾಗೆ. ಅದಕ್ಕೇ ಅಷ್ಟು ಹೊತ್ತು ಅಗಿದಿದ್ದು. ನುಂಗೋಕೆ ಮನಸ್ಸಾಗಲಿಲ್ಲ."

ಮುಂದಿನ ಭಾನುವಾರ ಬ್ರದರ್ ಹಾರ್ಲನ್ ಲೊರೀನಳ ಕನಸಿನ ಮೇಲೆ ಉಪದೇಶ ಮಾಡಿದರು. ಜನ ಕಣ್ಣೊರೆಸಿಕೊಂಡರು. ಮೂರನೇ ಸಾಲಿನಲ್ಲಿ ಕೂತಿದ್ದ ಆಲಿ ನೋಬಲ್, ನನ್ನ ಹುಡುಕಿಕೊಂಡು ಬಂದಿದ್ನಾ ಎಂದು ಪಕ್ಕದವರನ್ನು ಮತ್ತೆ ಮತ್ತೆ ಕೇಳುತ್ತಿದ್ದಳು. ಗ್ಲೆನಾ ನೆಲ ನೋಡುತ್ತ ಕೂತಿದ್ದಳು. ಆಮೇಲಿನ ವರ್ಷಗಳಲ್ಲಿ ಈಸ್ಟರ್ ಬೆಳಿಗ್ಗೆಗೆ ಅಂಗಡಿಯಿಂದ ಡೋನಟ್ ಪೆಟ್ಟಿಗೆಗಳು ಬಂದವು. ಮಕ್ಕಳು ಒಂದು ವರ್ಷ ಗೊಣಗಿ, ಮತ್ತೆ ಕೇಳಲಿಲ್ಲ.

ಲೊರೀನ್ ಕ್ಷಮಿಸಿದೆ ಎಂದು ಯಾವತ್ತೂ ಹೇಳಲಿಲ್ಲ. ಆದರೆ ಆ ವರ್ಷವೇ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಫೋನು ಮಾಡಿ, ಹಿತ್ತಲಲ್ಲಿ ಹುರುಳಿಕಾಯಿ ಬೀಜ ಊರಬೇಕು, ನನ್ನ ಸೊಂಟ ಬಗ್ಗಲ್ಲ, ಬಾ ಎಂದಳು. ಫೋನಿನ ಮೊದಲ ಗಂಟೆಗೇ ಗ್ಲೆನಾ ಎತ್ತಿದ್ದಳು. ಹೋಗಿ ಮಧ್ಯಾಹ್ನದವರೆಗೂ ಬೀಜ ಊರಿದಳು. ಸಾಲು ಸೊಟ್ಟಗಾಗಿದೆ ಎಂದು ಲೊರೀನ್ ಎರಡು ಸಲ ಬೈದಳು.