ಒಂದುಸಿರಿನ ಆನೆ

ಒಂದು ರಾಜ್ಯದ ಅರಮನೆಯಲ್ಲಿ ಬಣ್ಣದ ಮಗ್ಗವೊಂದಿತ್ತು. ಮಗ್ಗವೆಂದರೆ ಸೀರೆ ನೇಯುವುದಲ್ಲ. ಸಾವಿರಾರು ನೂಲುಗಳನ್ನು ಎಳೆದು ಬಿಟ್ಟರೆ ಅದರ ಪರದೆಯ ಮೇಲೆ ಚಿತ್ರಗಳು ನಡೆದಾಡುತ್ತಿದ್ದವು. ಮಕ್ಕಳ ಆಟಕ್ಕೆಂದು ಅದರಲ್ಲೊಂದು ಕಾಡು ತಯಾರಾಗುತ್ತಿತ್ತು. ಮಗ್ಗ ಎಷ್ಟು ಭಾರವೆಂದರೆ ನಲವತ್ತು ಜನ ಹೆಗಲು ಕೊಟ್ಟರೂ ಅಲುಗದು. ಚಿತ್ರ ಬಲ್ಲವರೋ ದೂರದ ಬೆಟ್ಟಗಳಲ್ಲಿದ್ದರು. ಆದ್ದರಿಂದ ನಡುವಿನ ಆರು ಗುಡ್ಡಗಳ ಮೇಲೆ ಆರು ಕನ್ನಡಿ ನಿಲ್ಲಿಸಿದ್ದರು. ಬೆಟ್ಟದಲ್ಲಿ ಮಾಡಿದ ಕೈಸನ್ನೆ ಕನ್ನಡಿಯಿಂದ ಕನ್ನಡಿಗೆ ದಾಟಿ ಅರಮನೆ ಸೇರುತ್ತಿತ್ತು. ಅಲ್ಲಿ ಮಗ್ಗದವನು ನೂಲು ಎಳೆಯುತ್ತಿದ್ದ. ಎಳೆದದ್ದು ಅದೇ ದಾರಿಯಲ್ಲಿ ಹಿಂದಕ್ಕೆ ಬಂದು ಕಾಣುತ್ತಿತ್ತು.

ಹೊನ್ನಾಜಮ್ಮನ ಪಾಲಿಗೆ ಬಂದದ್ದು ಆನೆ. ಅವಳ ಮನೆಯ ಕೆಳಗಿನ ಕೊಳಕ್ಕೆ ಬೆಳಿಗ್ಗೆ ಆನೆಗಳು ನೀರಿಗೆ ಬರುತ್ತಿದ್ದವು. ಅವುಗಳ ನಡಿಗೆ ನೋಡಿಯೇ ಅವಳು ಕೈಯಾಡಿಸುತ್ತಿದ್ದಳು. ಹುಣ್ಣಿಮೆಯೊಳಗೆ ಚಿತ್ರದ ಆನೆ ನಡೆಯದಿದ್ದರೆ ಬೆಟ್ಟ ಬಿಟ್ಟು ರಾಜಧಾನಿಗೆ ಬಂದಿರಬೇಕೆಂದು ಮಂತ್ರಿಯ ಆಜ್ಞೆಯಾಗಿತ್ತು. ಅವಳಿಗೆ ಅದೇ ಹೆದರಿಕೆ. ರಾಜಧಾನಿಯ ಆನೆಗಳ ಕಾಲಿಗೆ ಸರಪಳಿ; ಅವು ನಿಂತಲ್ಲೇ ತೂಗುತ್ತವೆ, ನಡೆಯುವುದಿಲ್ಲ.

ತೊಡಕು ಏನೆಂದರೆ, ಆರು ಕನ್ನಡಿ ತಿರುಗುವಷ್ಟರಲ್ಲಿ ಒಂದು ಉಸಿರು ಕಳೆಯುತ್ತಿತ್ತು. ಬಿಸಿಲು ಸಾಲದಿದ್ದರೆ ಕನ್ನಡಿಯವರು ಎಲೆ, ಮುಖ ಇಂಥ ಸಣ್ಣವನ್ನೆಲ್ಲ ಬಿಟ್ಟು ಚಲನೆಯನ್ನಷ್ಟೇ ದಾಟಿಸುತ್ತಿದ್ದರು. ಹಾಗಾಗಿ ಮಗ್ಗದ ದ್ಯಾವಪ್ಪನ ಮುಖ ಅವಳಿಗೆ ಬರೀ ಮಸುಕು. ಅವಳು ಸನ್ನೆ ಮಾಡುವಳು, ಆನೆ ಕದಲದು, ಕಾಣಲಿಲ್ಲವೇನೋ ಎಂದು ಮತ್ತೆ ಮಾಡುವಳು. ಆಮೇಲೆ ಎರಡೂ ಸನ್ನೆ ಒಂದರ ಬೆನ್ನಿಗೊಂದು ಮುಟ್ಟಿ ಆನೆಯ ಕಾಲು ಎರಡರಷ್ಟು ದೂರ ಚಾಚುತ್ತಿತ್ತು.

ಬಿಸಿಲೇರಿದಾಗ ದ್ಯಾವಪ್ಪ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ತೋರಿಸಿದ: "ಹೊನ್ನಕ್ಕ, ಒಂದೇ ಮಾತನ್ನ ನಾಲ್ಕು ಸಲ ಹೇಳಬೇಡಿ. ಆನೆ ಕಾಡು ಬಿಟ್ಟು ಅಡುಗೆಮನೆಗೆ ಹೊರಟಿದೆ."

"ಒಂದೇ ಸಲಕ್ಕೆ ಕೇಳೋನಾಗಿದ್ರೆ ನಾಲ್ಕು ಸಲ ಯಾಕಪ್ಪ ಹೇಳ್ತಿದ್ದೆ?" ಎಂದು ಇವಳೂ ಬರೆದಳು.

ಮೂರು ದಿನ ಜಗಳವಾಡಿ ಒಂದು ಒಪ್ಪಂದಕ್ಕೆ ಬಂದರು. ಸನ್ನೆ ಮುಟ್ಟಿದೊಡನೆ ಅವನು ಬಿಳಿ ಬಟ್ಟೆ ಎತ್ತಬೇಕು. ಅದು ಕಾಣುವವರೆಗೆ ಅವಳು ಬೀಸುವ ಪದದ ಒಂದು ಸಾಲು ಗುನುಗುತ್ತ ಸುಮ್ಮನಿರಬೇಕು. ಅವನಿಗೂ ಆ ಸಾಲನ್ನು ಬರೆದು ಕಲಿಸಿದಳು; ಅದನ್ನು ಗುನುಗಿ ಮುಗಿಸಿದ ಮೇಲೆಯೇ ಅವನು ನೂಲು ಎಳೆಯಬೇಕು. ಅಂದಿನಿಂದ ಆನೆ ಕಾಲೆತ್ತಿ, ಒಂದುಸಿರು ನಿಂತು, ಮೆಲ್ಲನೆ ಊರತೊಡಗಿತು.

ಹುಣ್ಣಿಮೆಯಂದು ನೋಡಿದ ರಾಜ, "ಈ ಆನೆ ಯೋಚಿಸಿ ಹೆಜ್ಜೆಯಿಡುತ್ತದೆ" ಎಂದು ಮೆಚ್ಚಿದ. ದೂರದಿಂದಲೇ ಇಷ್ಟು ಮಾಡಿದವಳು ಹತ್ತಿರ ಬಂದರೆ ಇನ್ನೆಷ್ಟು ಬೇಗ ಮಾಡಿಯಾಳು ಎಂದ ಮಂತ್ರಿ. ಶಿಕ್ಷೆಯೆಂದು ಹೆದರಿದ್ದದ್ದೇ ಬಹುಮಾನವಾಗಿ, ಪಲ್ಲಕ್ಕಿ ಸಮೇತ ಮನೆಬಾಗಿಲಿಗೆ ಬಂತು.

ಮಗ್ಗದ ಮನೆಯಲ್ಲಿ ನಲವತ್ತು ಜನರಿದ್ದರು. ದ್ಯಾವಪ್ಪ ಯಾರೆಂದು ಹೊನ್ನಾಜಮ್ಮ ಕೇಳಿದಳು. ಮೂವತ್ತೊಂಬತ್ತು ಜನ ಒಟ್ಟಿಗೆ ಬಾಯಿ ಹಾಕಿದರು. ಮೂಲೆಯಲ್ಲಿದ್ದ ನರೆಗೂದಲಿನವನೊಬ್ಬ ಒಂದುಸಿರು ತಡೆದು, ಹೆಗಲ ಮೇಲಿನ ಬಿಳಿ ಬಟ್ಟೆ ಎತ್ತಿದ. ಅವಳ ಕಣ್ಣು ತುಂಬಿತು.

ಇಬ್ಬರೂ ಪಕ್ಕಪಕ್ಕ ಕೂತರು. ಅವಳು ಕೈಯೆತ್ತಿದಳು. ಅವನು ನೂಲು ಹಿಡಿದನೇ ಹೊರತು ಎಳೆಯಲಿಲ್ಲ. ಇಬ್ಬರ ತುಟಿಯೂ ಆ ಒಂದು ಸಾಲಿಗೆ ಅಲುಗಿತು; ಆಮೇಲೆ ಆನೆ ಹೆಜ್ಜೆಯಿಟ್ಟಿತು. ಮಂತ್ರಿ ಹತ್ತು ಸಲ ಮಾಡಿಸಿ ನೋಡಿದ. ಹತ್ತು ಸಲವೂ ಒಂದುಸಿರು ತಡ.

"ನಡುವೆ ಗುಡ್ಡವಿಲ್ಲ, ಕನ್ನಡಿಯಿಲ್ಲ. ಇನ್ನೂ ಯಾಕೆ ತಡ?" ಎಂದು ರೇಗಿದ.

ದ್ಯಾವಪ್ಪ ಒಂದುಸಿರು ಬಿಟ್ಟು ಹೇಳಿದ: "ಕನ್ನಡಿ ದೋಷ ಆನೆಗೂ ಅಂಟಿರಬೇಕು, ಬುದ್ಧಿ."

ಮಂತ್ರಿಗೆ ಅದು ಸರಿಯೆನಿಸಿತು. ಕನ್ನಡಿಗಳ ದೋಷ ಬಲ್ಲವರು ಯಾರೆಂದು ವಿಚಾರಿಸಿ, ಅದು ಸಿಗುವ ತನಕ ಬೆಟ್ಟದಲ್ಲೇ ಇದ್ದು ಹುಡುಕಬೇಕೆಂದು ಹೊನ್ನಾಜಮ್ಮನನ್ನೇ ಕಳಿಸಿದ.

ದೋಷ ಇನ್ನೂ ಸಿಕ್ಕಿಲ್ಲವೆಂದು ಅವಳು ಪ್ರತಿ ಹುಣ್ಣಿಮೆಗೂ ಹಲಗೆಯಲ್ಲಿ ಬರೆದು ತೋರಿಸುತ್ತಾಳೆ. ಕೆಳಗೆ ಕೊಳದಲ್ಲಿ ಆನೆಗಳು ನೀರು ಕುಡಿಯುತ್ತಿರುತ್ತವೆ. ಅವಳು ಒಂದು ಸಾಲು ಗುನುಗುತ್ತಾಳೆ. ಆರು ಗುಡ್ಡಗಳಾಚೆ ಬಿಳಿ ಬಟ್ಟೆ ಮೇಲೇಳುತ್ತದೆ.